ಸ್ಟ್ರಿಂಗ್ ಬಗೆಗಳ ನಿಯಂತ್ರಣ: ದತ್ತಾಂಶ ಸಂಕೇತೀಕರಣದಲ್ಲಿ ಕನ್ನಡ ಪಠ್ಯ

ಹೆಸರು, ಊರು, ಸರ್ವೆ ನಂಬರ್, ಫೋನ್ ಸಂಖ್ಯೆ ಎಂಬಂಥ ಅಂಕಣಗಳಿರುವ ದಾಖಲೆಯನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಳಿಸಲು, ಕಡತದಲ್ಲಿ ಇಡಲು ಅಥವಾ ಅದಕ್ಕೆ ಡಿಜಿಟಲ್ ಸಹಿ ಹಾಕಲು ಮೊದಲು ಅದನ್ನು ಬೈಟ್‌ಗಳ ಸಾಲಾಗಿ ಬರೆಯಬೇಕು. ಈ ಕೆಲಸಕ್ಕೆ ಸಂಕೇತೀಕರಣ ಎಂದು ಹೆಸರು. ಅಂಕಣದಲ್ಲಿರುವುದು ಪಠ್ಯವಾದರೆ ಅದರಲ್ಲಿ ಯಾವ ಅಕ್ಷರಗಳು ಬರಬಹುದು, ಒಂದೊಂದು ಅಕ್ಷರ ಎಷ್ಟು ಬೈಟ್ ಹಿಡಿಯುತ್ತದೆ ಎಂಬುದನ್ನು ತಿಳಿಸುವ ಗುರುತೇ ಸ್ಟ್ರಿಂಗ್ ಬಗೆ. ಗೋ, ಪೈಥಾನ್, ಜಾವಾದಂಥ ಪ್ರೋಗ್ರಾಮಿಂಗ್ ಭಾಷೆಗಳ ಒಳಗೆ ಪಠ್ಯಕ್ಕೆ ಸಾಮಾನ್ಯವಾಗಿ ಒಂದೇ ಬಗೆ ಇರುತ್ತದೆ. ಹೊರಗಿನ ಶಿಷ್ಟರೂಪಗಳಲ್ಲಿ ಎರಡೋ ಮೂರೋ, ಕೆಲವೆಡೆ ಹತ್ತಕ್ಕೂ ಹೆಚ್ಚೋ ಇರುತ್ತವೆ. ಒಂದರಿಂದ ಹಲವಕ್ಕೆ ಹೋಗುವಾಗ ಯಾವುದನ್ನು ಆರಿಸಬೇಕೆಂದು ಯಾರಾದರೂ ತೀರ್ಮಾನಿಸಲೇಬೇಕು. ಪ್ರೋಗ್ರಾಮರ್ ತೀರ್ಮಾನಿಸದಿದ್ದರೆ ಲೈಬ್ರರಿ ತನಗೆ ತೋಚಿದಂತೆ ತೀರ್ಮಾನಿಸುತ್ತದೆ. ಇಂಗ್ಲಿಷ್ ಮಾತ್ರ ಬಳಸುವವರಿಗೆ ಇದು ಗಮನಕ್ಕೂ ಬರುವುದಿಲ್ಲ. ಕನ್ನಡದ ದಾಖಲೆಗಳಿಗೆ ಇದರಿಂದ ನಿಜವಾದ ಹಾನಿಯಾಗುತ್ತದೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ಹಳೆಯ ತಾಲ್ಲೂಕುಗಳ ಹೆಸರುಗಳನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಅನುಸ್ವಾರ, ಒತ್ತಕ್ಷರ, ದೀರ್ಘ ಸ್ವರಚಿಹ್ನೆ, ಪದಗಳ ನಡುವಿನ ಖಾಲಿ ಜಾಗ ಎಲ್ಲವೂ ಈ ನಾಲ್ಕರಲ್ಲೇ ಸಿಗುತ್ತವೆ. ಪಹಣಿಯಿಂದ ಆಧಾರ್‌ವರೆಗೆ ಲಕ್ಷಾಂತರ ದಾಖಲೆಗಳಲ್ಲಿ ಈ ಹೆಸರುಗಳು ದಿನವೂ ಹರಿದಾಡುತ್ತವೆ.

ಬೈಟ್‌ಗಳಲ್ಲಿ ಇಂಡಿ

ಯುನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ ಸ್ಥಾನಗಳು ಮೀಸಲಾಗಿವೆ. ‘ಇಂಡಿ’ ಎಂಬ ಹೆಸರು ಕಣ್ಣಿಗೆ ಎರಡಕ್ಷರ; ಯುನಿಕೋಡ್‌ನ ಲೆಕ್ಕದಲ್ಲಿ ನಾಲ್ಕು ಸಂಕೇತ: ಇ, ಅನುಸ್ವಾರ, ಡ, ಇಕಾರದ ಗುಣಿತಚಿಹ್ನೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್ ಹಿಡಿಯುವುದರಿಂದ ಒಟ್ಟು 12 ಬೈಟ್: 224 178 135, 224 178 130, 224 178 161, 224 178 191. ಪೈಥಾನ್‌ನಲ್ಲಿ ಇದರ ಉದ್ದ ಕೇಳಿದರೆ 4 ಎನ್ನುತ್ತದೆ, ಗೋ ಭಾಷೆಯಲ್ಲಿ ಕೇಳಿದರೆ 12 ಎನ್ನುತ್ತದೆ. ಎರಡೂ ಸರಿ. ಮೊದಲನೆಯದು ಸಂಕೇತಗಳನ್ನು ಎಣಿಸುತ್ತದೆ, ಎರಡನೆಯದು ಬೈಟ್‌ಗಳನ್ನು.

ಸ್ಟ್ರಿಂಗ್ ಬಗೆಗಳ ದೊಡ್ಡ ಸಂತೆ ಇರುವುದು ಎಎಸ್‌ಎನ್.1 ಎಂಬ ಶಿಷ್ಟರೂಪದಲ್ಲಿ. 1984ರಲ್ಲಿ ದೂರಸಂಪರ್ಕದ ಅಂತಾರಾಷ್ಟ್ರೀಯ ಸಮಿತಿ ರೂಪಿಸಿದ ಈ ಪದ್ಧತಿ ಇಂದಿಗೂ ಡಿಜಿಟಲ್ ಸಹಿಯ ಪ್ರಮಾಣಪತ್ರ, ಮೊಬೈಲ್ ಜಾಲ, ಪಾಸ್‌ಪೋರ್ಟಿನ ಚಿಪ್ ಇವುಗಳ ಒಳಗೆ ದುಡಿಯುತ್ತಿದೆ. ಇದರಲ್ಲಿ ಪ್ರತಿ ಮೌಲ್ಯದ ಮುಂದೆಯೂ ಬಗೆಯನ್ನು ಹೇಳುವ ಟ್ಯಾಗ್ ಬೈಟ್, ಆಮೇಲೆ ಉದ್ದ, ಆಮೇಲೆ ಒಳಗಿನ ಸರಕು. ಅಂಕಿ ಮತ್ತು ಖಾಲಿ ಜಾಗ ಮಾತ್ರ ಹಿಡಿಯುವ ನ್ಯೂಮರಿಕ್ ಸ್ಟ್ರಿಂಗ್‌ಗೆ ಟ್ಯಾಗ್ 18. ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವೇ ಚಿಹ್ನೆಗಳ ಪ್ರಿಂಟಬಲ್ ಸ್ಟ್ರಿಂಗ್‌ಗೆ 19. ಆಸ್ಕಿಯ ಎಲ್ಲ 128 ಸಂಕೇತಗಳನ್ನು ಹಿಡಿಯುವ ಐಎ5 ಸ್ಟ್ರಿಂಗ್‌ಗೆ 22. ಕನ್ನಡಕ್ಕೆ ಜಾಗವಿರುವುದು ಯುಟಿಎಫ್-8 ಸ್ಟ್ರಿಂಗ್ (12), ಯೂನಿವರ್ಸಲ್ ಸ್ಟ್ರಿಂಗ್ (28), ಬಿಎಂಪಿ ಸ್ಟ್ರಿಂಗ್ (30) ಇಂಥ ಕೆಲವುಗಳಲ್ಲಿ ಮಾತ್ರ.

ಹೀಗಾಗಿ ಒಂದೇ ಊರು ಮೂರು ಉಡುಪಿನಲ್ಲಿ ಬರಬಹುದು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಪ್ರಿಂಟಬಲ್ ಮಾಡಿದರೆ 19, 4, ನಂತರ 73 110 100 105. ಕನ್ನಡದಲ್ಲಿ ಬರೆದು ಯುಟಿಎಫ್-8 ಮಾಡಿದರೆ 12, 12, ನಂತರ ಮೇಲೆ ಕೊಟ್ಟ ಹನ್ನೆರಡು ಬೈಟ್. ಬಿಎಂಪಿ ಮಾಡಿದರೆ 30, 8, ನಂತರ 12 135 12 130 12 161 12 191. ಕೊನೆಯದು ನಾಲ್ಕು ಬೈಟ್ ಉಳಿಸುತ್ತದೆ ನಿಜ. ಆದರೆ ಪ್ರಮಾಣಪತ್ರಗಳ ನಿಯಮವಾದ ಆರ್‌ಎಫ್‌ಸಿ 5280 (2008) ಹಳೆಯ ವ್ಯವಸ್ಥೆಗಳೊಡನೆ ಹೊಂದಿಕೊಳ್ಳಬೇಕಾದ ಸಂದರ್ಭ ಬಿಟ್ಟರೆ ಪ್ರಿಂಟಬಲ್ ಅಥವಾ ಯುಟಿಎಫ್-8 ಎರಡರಲ್ಲಿ ಒಂದನ್ನೇ ಬಳಸಬೇಕು ಎನ್ನುತ್ತದೆ. ಕನ್ನಡಕ್ಕೆ ಉಳಿಯುವ ದಾರಿ ಒಂದೇ.

ಇಲ್ಲಿ ಒಂದು ಸೂಕ್ಷ್ಮವನ್ನು ಬಿಡಿಸಿ ಹೇಳಬೇಕು. ಸಹಿ ಹಾಕುವ ದಾಖಲೆಗೆ ಎಎಸ್‌ಎನ್.1ರಲ್ಲಿ ಡಿಇಆರ್ ಎಂಬ ಕಟ್ಟುನಿಟ್ಟಿನ ನಿಯಮಾವಳಿಯಿದೆ. ಒಂದು ಮೌಲ್ಯಕ್ಕೆ ಒಂದೇ ಬೈಟ್‌ರೂಪ ಎಂಬುದು ಅದರ ಉದ್ದೇಶ. ಆದರೆ ಆ ನಿಯಮ ಜಾರಿಯಾಗುವುದು ಸ್ಟ್ರಿಂಗ್ ಬಗೆಯನ್ನು ಆರಿಸಿಯಾದ ಮೇಲೆ. ಊರಿನ ಹೆಸರನ್ನು ಐದು ಬಗೆಗಳಲ್ಲಿ ಯಾವುದರಲ್ಲಾದರೂ ಬರೆಯಲು ಪ್ರಮಾಣಪತ್ರದ ವಿನ್ಯಾಸವೇ ಅವಕಾಶ ಕೊಟ್ಟಿರುವುದರಿಂದ ಅಕ್ಷರ ಒಂದೇ ಆಗಿದ್ದರೂ ಬೈಟ್ ಬೇರೆಯಾಗುತ್ತವೆ. ಬೈಟ್ ಬೇರೆಯಾದರೆ ಸಹಿ ಕೂಡುವುದಿಲ್ಲ. ಪ್ರಮಾಣಪತ್ರ ಕೊಡುವ ಮೇಲಿನ ಪ್ರಾಧಿಕಾರದ ಹೆಸರು ಅದರದೇ ಪ್ರಮಾಣಪತ್ರದಲ್ಲಿ ಪ್ರಿಂಟಬಲ್ ಆಗಿದ್ದು, ಕೆಳಗಿನ ಪ್ರಮಾಣಪತ್ರದಲ್ಲಿ ಯುಟಿಎಫ್-8 ಆಗಿ ಬಂದರೆ, ಬೈಟ್‌ಗೆ ಬೈಟ್ ಹೋಲಿಸುವ ತಂತ್ರಾಂಶ ಇವೆರಡಕ್ಕೂ ಸಂಬಂಧವೇ ಇಲ್ಲವೆಂದು ತಳ್ಳಿಹಾಕುತ್ತದೆ. ಗೋ ಭಾಷೆಯ ಪ್ರಮಾಣಪತ್ರ ಪರೀಕ್ಷೆ ಹೀಗೆ ಬೈಟ್ ಹೋಲಿಸುವಂಥದ್ದು.

ಗೋ ಭಾಷೆಯ ಟ್ಯಾಗ್‌ಗಳು

ಗೋ ಭಾಷೆಯನ್ನು ರೂಪಿಸಿದ ಮೂವರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಇಬ್ಬರೂ 1992ರಲ್ಲಿ ಯುಟಿಎಫ್-8 ಪದ್ಧತಿಯನ್ನು ಹುಟ್ಟುಹಾಕಿದವರೇ. ಆದ್ದರಿಂದ ಅದರ ಎಎಸ್‌ಎನ್.1 ಲೈಬ್ರರಿ ಯುಟಿಎಫ್-8ಕ್ಕೆ ಮೊದಲ ಮಣೆ ಹಾಕುತ್ತದೆ ಎಂದು ಯಾರಾದರೂ ಭಾವಿಸಬಹುದು. ಅದು ಹಾಗಿಲ್ಲ. ಬಗೆ ಹೇಳದೆ ಕೊಟ್ಟ ಸ್ಟ್ರಿಂಗನ್ನು ಲೈಬ್ರರಿ ಅಕ್ಷರ ಅಕ್ಷರವಾಗಿ ನೋಡುತ್ತದೆ. ಎಲ್ಲವೂ ಪ್ರಿಂಟಬಲ್ ಗುಂಪಿನವಾದರೆ 19 ಹಾಕುತ್ತದೆ. ಒಂದಾದರೂ ಹೊರಗಿನದಾದರೆ ಯುಟಿಎಫ್-8 ಎಂದು 12 ಹಾಕುತ್ತದೆ. ಯುಟಿಎಫ್-8 ಆಗಿಯೂ ಸರಿಯಿಲ್ಲದಿದ್ದರೆ ದೋಷ ತೋರಿಸಿ ನಿಲ್ಲುತ್ತದೆ. ಅಂದರೆ ಒಂದೇ ಅಂಕಣದ ಬಗೆ ದಾಖಲೆಯಿಂದ ದಾಖಲೆಗೆ ಬದಲಾಗುತ್ತದೆ. ಸಿಂದಗಿಯ ಒಬ್ಬರು ಅರ್ಜಿಯಲ್ಲಿ ಊರನ್ನು ಇಂಗ್ಲಿಷಿನಲ್ಲಿ ಬರೆದರೆ ಒಂದು ಬಗೆ, ಪಕ್ಕದ ಮನೆಯವರು ಕನ್ನಡದಲ್ಲಿ ಬರೆದರೆ ಇನ್ನೊಂದು ಬಗೆ. ಓದುವ ಕಡೆಯ ತಂತ್ರಾಂಶ ಪ್ರಿಂಟಬಲ್ ಬಗೆಯೊಂದನ್ನೇ ನಿರೀಕ್ಷಿಸುತ್ತಿದ್ದರೆ ಕನ್ನಡದಲ್ಲಿ ಬರೆದವರ ಅರ್ಜಿ ಮಾತ್ರ ತಿರಸ್ಕೃತವಾಗುತ್ತದೆ. ಪರೀಕ್ಷೆಯ ಹಂತದಲ್ಲಿ ಇಂಗ್ಲಿಷ್ ಮಾದರಿಗಳನ್ನಷ್ಟೇ ಕೊಟ್ಟು ನೋಡಿದ್ದರೆ ಇದು ಬಯಲಾಗುವುದೇ ಇಲ್ಲ.

ಇದಕ್ಕೆ ಪರಿಹಾರ, ಗೋ ಭಾಷೆಯಲ್ಲಿ ದಾಖಲೆಯ ವಿನ್ಯಾಸವನ್ನು ಹೇಳುವ ಸ್ಟ್ರಕ್ಟ್‌ನ ಅಂಕಣದ ಪಕ್ಕದಲ್ಲಿ ಬರೆಯುವ ಟ್ಯಾಗ್; ಎಎಸ್‌ಎನ್.1ರ ಟ್ಯಾಗ್ ಬೈಟ್ ಬೇರೆ, ಇದು ಬೇರೆ. ಊರಿನ ಹೆಸರಿಗೆ ಯುಟಿಎಫ್-8, ಇಮೇಲ್‌ಗೆ ಐಎ5, ದೇಶದ ಎರಡಕ್ಷರದ ಸಂಕೇತಕ್ಕೆ ಪ್ರಿಂಟಬಲ್, ಅಂಕಿಗಳಷ್ಟೇ ಇರುವ ಅಂಕಣಕ್ಕೆ ನ್ಯೂಮರಿಕ್ ಎಂದು ವಿನ್ಯಾಸದಲ್ಲೇ ಬರೆದುಬಿಟ್ಟರೆ ಒಳಗಿನ ಪಠ್ಯ ಏನೇ ಇರಲಿ ಬಗೆ ಬದಲಾಗುವುದಿಲ್ಲ. ಗುಂಪಿಗೆ ಹೊಂದದ ಅಕ್ಷರ ಬಂದರೆ ಅಲ್ಲೇ ದೋಷ ಸಿಗುತ್ತದೆ. ಬಿಎಂಪಿಯಂಥ ಬಗೆಗಳಿಗೆ ಗೋ ಭಾಷೆಯಲ್ಲಿ ಇಂಥ ಟ್ಯಾಗ್ ಇಲ್ಲ; ಅಲ್ಲಿ ಎಎಸ್‌ಎನ್.1ರ ಟ್ಯಾಗ್ ಸಂಖ್ಯೆಯನ್ನೂ ಬೈಟ್‌ಗಳನ್ನೂ ಕೈಯಾರೆ ಕೊಡುವ ಕಚ್ಚಾ ಮೌಲ್ಯದ ದಾರಿಯಿದೆ. ಪ್ರಮಾಣಪತ್ರದ ಹೆಸರಿನ ಭಾಗಗಳಲ್ಲೂ ಇದೇ ದಾರಿ, ಏಕೆಂದರೆ ಅಲ್ಲಿ ಮೌಲ್ಯದ ಅಂಕಣ ಯಾವ ಬಗೆಯನ್ನಾದರೂ ಒಪ್ಪುವಂಥದ್ದು, ಟ್ಯಾಗ್ ಹಾಕಲು ಜಾಗವಿಲ್ಲ. ಜಾವಾದ ಬೌನ್ಸಿ ಕ್ಯಾಸಲ್ ಲೈಬ್ರರಿ ಪ್ರತಿ ಬಗೆಗೂ ಬೇರೆ ಕ್ಲಾಸ್ ಇಟ್ಟು ಪ್ರೋಗ್ರಾಮರನೇ ಆರಿಸುವಂತೆ ಮಾಡುತ್ತದೆ. ಪೈಥಾನ್‌ನ ಕ್ರಿಪ್ಟೋಗ್ರಫಿ ಲೈಬ್ರರಿ ದೇಶದ ಸಂಕೇತ, ಇಮೇಲ್‌ನಂಥ ಕೆಲವನ್ನು ಬಿಟ್ಟು ಉಳಿದದ್ದನ್ನೆಲ್ಲ ಯುಟಿಎಫ್-8 ಎಂದೇ ಹಿಡಿಯುತ್ತದೆ. ಕನ್ನಡದ ಮಟ್ಟಿಗೆ ಈ ಎರಡು ದಾರಿಗಳೂ ಗೋ ಭಾಷೆಯ ಊಹೆಗಿಂತ ಸುರಕ್ಷಿತ.

ಪಹಣಿಯ ನಕ್ಷತ್ರ

ಕರ್ನಾಟಕದ ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ತಂದಿತು. ಅದರಲ್ಲಿ ಜಮೀನನ್ನು ಗುರುತಿಸುವುದು ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ಎಂಬ ಮೂರು ಅಂಕಣಗಳು. ಸರ್ನೋಕ್ ಜಾಗದಲ್ಲಿ ನಕ್ಷತ್ರದ ಚಿಹ್ನೆ ಇರುವುದು ಸಾಮಾನ್ಯ, 45/*/2 ಎಂಬಂತೆ. ಪ್ರಿಂಟಬಲ್ ಗುಂಪಿನಲ್ಲಿ ಓರೆಗೆರೆ ಇದೆ, ಪ್ರಶ್ನಾರ್ಥಕ ಇದೆ, ಕೂಡುವ ಚಿಹ್ನೆ ಇದೆ, ನಕ್ಷತ್ರ ಇಲ್ಲ. ಹೀಗಾಗಿ ಬಗೆ ಹೇಳದೆ ಕೊಟ್ಟರೆ ಗೋ ಲೈಬ್ರರಿ 45/2 ಎಂಬುದನ್ನು ಪ್ರಿಂಟಬಲ್ ಮಾಡುತ್ತದೆ, 45/*/2 ಎಂಬುದನ್ನು ಯುಟಿಎಫ್-8 ಮಾಡುತ್ತದೆ; ಇಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲ ಎಂಬುದನ್ನು ಗಮನಿಸಬೇಕು. ಪ್ರಿಂಟಬಲ್ ಬೇಕೇ ಬೇಕು ಎಂದು ಟ್ಯಾಗ್ ಹಾಕಿದರೆ ಅದೇ ಲೈಬ್ರರಿ ನಕ್ಷತ್ರವನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಶಿಷ್ಟರೂಪ ಒಪ್ಪದಿದ್ದರೂ ಲೋಕದಲ್ಲಿ ಬಳಕೆಯಲ್ಲಿದೆ ಎಂಬ ಕಾರಣಕ್ಕೆ ಕೊಟ್ಟ ಸಡಿಲಿಕೆ ಇದು. ಆ ದಾಖಲೆ ಕಟ್ಟುನಿಟ್ಟಾದ ಬೇರೊಂದು ತಂತ್ರಾಂಶದ ಕೈಗೆ ಹೋದಾಗ ಅದು ಒಪ್ಪದೆ ಹೋಗಬಹುದು. ಸರ್ವೆ ನಂಬರ್ ಅಂಕಣಕ್ಕೆ ಮೊದಲೇ ಯುಟಿಎಫ್-8 ಎಂದು ನಿಗದಿ ಮಾಡುವುದೇ ಸರಿಯಾದ ವಿನ್ಯಾಸ.

ಇದೇ ಸರ್ವೆ ನಂಬರ್ ಸ್ಪ್ರೆಡ್‌ಶೀಟಿಗೆ ಹೋದರೆ ಬೇರೆ ಕಷ್ಟ. 12/3 ಎಂದು ಟೈಪಿಸಿದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತದೆ. ಅಂಕಣವನ್ನು ಪಠ್ಯವೆಂದು ಮೊದಲೇ ಗುರುತಿಸಿದ್ದರೆ ಮಾತ್ರ ಹಿಸ್ಸಾ ಉಳಿಯುತ್ತದೆ.

ಅಂಕಿಯಂತೆ ಕಾಣುವ ಪಠ್ಯದ ವಿಷಯವೂ ಇಲ್ಲಿಗೇ ಸೇರಿದ್ದು. ಇಂಡಿಯ ಎಸ್‌ಟಿಡಿ ಕೋಡ್ 08359. ಇದನ್ನು ಸಂಖ್ಯೆಯಾಗಿ ಇಟ್ಟರೆ ಮುಂದಿನ ಸೊನ್ನೆ ಬಿದ್ದುಹೋಗುತ್ತದೆ. ಜೆಸಾನ್‌ನಲ್ಲಿ ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ ಕಡತವೇ ಅಸಿಂಧು, ಏಕೆಂದರೆ ಸೊನ್ನೆಯಿಂದ ಶುರುವಾಗುವ ಬಹ್ವಂಕಿ ಸಂಖ್ಯೆಗೆ ಅಲ್ಲಿ ಅವಕಾಶವಿಲ್ಲ. ನ್ಯೂಮರಿಕ್ ಸ್ಟ್ರಿಂಗ್ ಆಗಿ ಬರೆದರೆ 18, 5, 48 56 51 53 57. ಸೊನ್ನೆ ತನ್ನ ಜಾಗದಲ್ಲೇ ಇರುತ್ತದೆ. ಪಿನ್‌ಕೋಡ್, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆಗಳಿಗೂ ಇದೇ ಮಾತು ಸಲ್ಲುತ್ತದೆ: ಕೂಡಿ ಕಳೆಯುವ ಅಗತ್ಯವಿಲ್ಲದ ಅಂಕಿಗಳು ಸಂಖ್ಯೆಗಳಲ್ಲ, ಪಠ್ಯ.

ಒಂದು ಆಯ್ಕೆ ಬಿಟ್ಟರೆ

ಓಪನ್‌ಎಸ್‌ಎಸ್‌ಎಲ್ ಉಪಕರಣದಲ್ಲಿ ಸ್ಟ್ರಿಂಗ್ ಮಾಸ್ಕ್ ಎಂಬ ಹೊಂದಿಕೆಯಿಂದ ಯಾವ ಬಗೆಗಳನ್ನು ಬಳಸಬಹುದೆಂದು ನಿಗದಿ ಮಾಡಬಹುದು. ಅದರಲ್ಲಿ ಯುಟಿಎಫ್-8 ಮಾತ್ರ ಎಂದು ಹಾಕಿಯೂ ಕನ್ನಡ ಕೆಡುವುದುಂಟು. ಪ್ರಮಾಣಪತ್ರದ ಅರ್ಜಿ ತಯಾರಿಸುವಾಗ ‘ನಾನು ಕೊಡುತ್ತಿರುವ ಪಠ್ಯ ಯುಟಿಎಫ್-8’ ಎಂದು ತಿಳಿಸುವ ಪ್ರತ್ಯೇಕ ಆಯ್ಕೆಯನ್ನು ಬಿಟ್ಟರೆ, ಉಪಕರಣ ಪ್ರತಿ ಬೈಟನ್ನೂ ಪಶ್ಚಿಮ ಯುರೋಪಿನ ಲ್ಯಾಟಿನ್-1ರ ಒಂದೊಂದು ಅಕ್ಷರವೆಂದು ಓದುತ್ತದೆ. 224 ಎಂಬ ಬೈಟ್ ತಲೆಯ ಮೇಲೆ ಗೆರೆಯಿರುವ ಇಂಗ್ಲಿಷ್ ‘ಎ’ ಆಗುತ್ತದೆ, 178 ಮೇಲೆತ್ತಿ ಬರೆದ ಎರಡರ ಅಂಕಿಯಾಗುತ್ತದೆ. ಆಮೇಲೆ ಅವುಗಳನ್ನು ಶ್ರದ್ಧೆಯಿಂದ ಯುಟಿಎಫ್-8ಕ್ಕೆ ತಿರುಗಿಸುತ್ತದೆ: 224ರ ಬದಲು 195 160, 178ರ ಬದಲು 194 178. ಹನ್ನೆರಡು ಬೈಟಿನ ಇಂಡಿ ಇಪ್ಪತ್ತನಾಲ್ಕು ಬೈಟ್ ಆಗುತ್ತದೆ. ಟ್ಯಾಗ್ ಸರಿ, ಉದ್ದ ಸರಿ, ಯುಟಿಎಫ್-8 ಆಗಿಯೂ ಸರಿ. ಯಾವ ಪರೀಕ್ಷಕವೂ ದೋಷ ಹೇಳುವುದಿಲ್ಲ. ಮನುಷ್ಯರು ತೆರೆದು ನೋಡಿದಾಗ ಮಾತ್ರ ಅಲ್ಲಿ ಊರಿಲ್ಲ ಎಂದು ತಿಳಿಯುತ್ತದೆ.

ಉಳಿದ ಶಿಷ್ಟರೂಪಗಳು

ಜೆಸಾನ್‌ನಲ್ಲಿ ಸ್ಟ್ರಿಂಗ್ ಬಗೆ ಒಂದೇ. ಬೇರೆ ಬೇರೆ ವ್ಯವಸ್ಥೆಗಳ ನಡುವೆ ಓಡಾಡುವ ಜೆಸಾನ್ ಯುಟಿಎಫ್-8ರಲ್ಲೇ ಇರಬೇಕೆಂದು 2017ರ ಆರ್‌ಎಫ್‌ಸಿ 8259 ಕಡ್ಡಾಯ ಮಾಡಿತು. ಆದರೂ ಬರೆಯುವ ರೀತಿ ಎರಡು: ಕನ್ನಡವನ್ನು ನೇರವಾಗಿ ಇಡಬಹುದು, ಇಲ್ಲವೇ ಪ್ರತಿ ಸಂಕೇತವನ್ನೂ ಆರು ಆಸ್ಕಿ ಅಕ್ಷರಗಳ ತಪ್ಪಿಸುಸಂಕೇತವಾಗಿ ಬರೆಯಬಹುದು. ಪೈಥಾನ್ ಹೇಳದಿದ್ದರೆ ಎರಡನೆಯದನ್ನು ಮಾಡುತ್ತದೆ, ಗೋ ಮೊದಲನೆಯದನ್ನು. ಇಂಡಿಗೆ ಮೊದಲ ರೀತಿಯಲ್ಲಿ 12 ಬೈಟ್, ಎರಡನೆಯದರಲ್ಲಿ 24. ಓದಿದ ಮೇಲೆ ಎರಡೂ ಒಂದೇ, ಆದರೆ ಬೈಟ್‌ಗಳ ಮೇಲೆ ಸಹಿ ಹಾಕುವವರಿಗೆ ಒಂದೇ ಅಲ್ಲ. ಗೋ ಭಾಷೆಯ ಜೆಸಾನ್ ಲೈಬ್ರರಿಯ ಇನ್ನೊಂದು ನಡೆ ಆತಂಕದ್ದು: ಕೆಟ್ಟ ಬೈಟ್ ಸಿಕ್ಕರೆ ಅದು ದೂರದೆ ಬದಲಿಚಿಹ್ನೆಯೊಂದನ್ನು ಇಟ್ಟು ಮುಂದೆ ಹೋಗುತ್ತದೆ. ದಾಖಲೆಗಳ ಕೆಲಸದಲ್ಲಿ ದೋಷ ಹೇಳಿ ನಿಲ್ಲುವುದೇ ಮೇಲು.

ಪ್ರೋಟೋಕಾಲ್ ಬಫರ್ಸ್‌ನಲ್ಲಿ ಪಠ್ಯ ಮತ್ತು ಬೈಟ್ಸ್ ಎಂಬ ಎರಡು ಬಗೆಗಳಿದ್ದರೂ ಕಳಿಸುವ ಬೈಟ್‌ಗಳಲ್ಲಿ ಎರಡಕ್ಕೂ ಒಂದೇ ಗುರುತು. ವ್ಯತ್ಯಾಸ ಇರುವುದು ವಿನ್ಯಾಸದ ಕಡತದಲ್ಲಿ. ಸಿಬಾರ್‌ನಲ್ಲಿ (ಆರ್‌ಎಫ್‌ಸಿ 8949, 2020) ಆ ವ್ಯತ್ಯಾಸ ದಾಖಲೆಯಲ್ಲೇ ಇರುತ್ತದೆ; ಇಂಡಿ ಎಂಬ ಪಠ್ಯ 108 ಎಂಬ ಒಂದೇ ಬೈಟಿನ ತಲೆಬರಹದೊಂದಿಗೆ ಶುರುವಾಗಿ, ಬಗೆಯನ್ನೂ ಉದ್ದವನ್ನೂ ಅದರಲ್ಲೇ ಹೇಳಿಬಿಡುತ್ತದೆ. ಮೆಸೇಜ್‌ಪ್ಯಾಕ್ ಮೊದಲು ಎರಡನ್ನೂ ಬೆರೆಸಿಟ್ಟಿದ್ದು, 2013ರಲ್ಲಿ ಬೇರ್ಪಡಿಸಿತು.

ಆಧಾರ್ ಕಾರ್ಡಿನ ಸುರಕ್ಷಿತ ಕ್ಯೂಆರ್ ಕೋಡ್ ಹತ್ತಿರದ ಉದಾಹರಣೆ. ಕಾರ್ಡಿನ ಮೇಲೆ ಹೆಸರು ಕನ್ನಡದಲ್ಲೂ ಅಚ್ಚಾಗಿರುತ್ತದೆ. ಕೋಡಿನೊಳಗಿನ ಪಠ್ಯಕ್ಕೆ ಮಾತ್ರ ಲ್ಯಾಟಿನ್-1 ಅಕ್ಷರಗುಂಪನ್ನು ನಿಗದಿ ಮಾಡಿ, ಅಂಕಣಗಳ ನಡುವೆ 255 ಎಂಬ ಬೈಟನ್ನು ಇಡಲಾಗಿದೆ. ಆ ಗುಂಪಿನಲ್ಲಿ ಕನ್ನಡಕ್ಕೆ ಸ್ಥಾನವೇ ಇಲ್ಲ. ಯುಟಿಎಫ್-8ರಲ್ಲಿ 255 ಎಂಬ ಬೈಟ್ ಎಂದೂ ಬರುವುದಿಲ್ಲವಾದ್ದರಿಂದ ಅದೇ ಗಡಿಗುರುತನ್ನು ಇಟ್ಟುಕೊಂಡೇ ಕನ್ನಡವನ್ನು ಒಳಗೆ ತರಲು ತಾಂತ್ರಿಕವಾಗಿ ಅಡ್ಡಿಯಿರಲಿಲ್ಲ. ಬಗೆಯ ಆಯ್ಕೆಯೊಂದೇ ಒಂದು ಭಾಷೆಯನ್ನು ಹೊರಗಿಟ್ಟಿತು.

ಜಾಲತಾಣದ ವಿಳಾಸಕ್ಕೆ ಪ್ರಮಾಣಪತ್ರದಲ್ಲಿ ಐಎ5 ಮಾತ್ರ. ‘.ಭಾರತ’ ಎಂದು ಕನ್ನಡದಲ್ಲೇ ಮುಗಿಯುವ ವಿಳಾಸವೂ ಪ್ಯುನಿಕೋಡ್ ಎಂಬ ಆಸ್ಕಿ ರೂಪಕ್ಕೆ ಇಳಿದೇ ಒಳಗೆ ಹೋಗಬೇಕು.

ಉದ್ದ ಮತ್ತು ಒಂದೇ ಹೆಸರಿನ ಎರಡು ರೂಪ

ಮುದ್ದೇಬಿಹಾಳ 11 ಸಂಕೇತ, 33 ಬೈಟ್. ಒರಾಕಲ್ ದತ್ತಸಂಚಯದಲ್ಲಿ ಊರಿನ ಹೆಸರಿಗೆ 30ರ ಮಿತಿ ಇಟ್ಟು, ಅದು ಬೈಟೋ ಅಕ್ಷರವೋ ಎಂದು ಹೇಳದಿದ್ದರೆ ಬೈಟ್ ಎಂದೇ ಲೆಕ್ಕ; ಹನ್ನೊಂದು ಸಂಕೇತದ ಹೆಸರು ಮೂವತ್ತರಲ್ಲಿ ಹಿಡಿಯದೆ ದೋಷ ಬರುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಯುಟಿಎಫ್-8 ಹೊಂದಿಸದ ಸಾಮಾನ್ಯ ವಾರ್‌ಚಾರ್ ಅಂಕಣಕ್ಕೆ ಕನ್ನಡ ಹಾಕಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಉಳಿಯುತ್ತದೆ. ಅಲ್ಲಿ ಎನ್‌ವಾರ್‌ಚಾರ್ ಅಂಕಣವೂ ಬೇಕು, ಪಠ್ಯದ ಮುಂದೆ ‘ಎನ್’ ಗುರುತೂ ಬೇಕು. ಎಸ್‌ಎಂಎಸ್‌ನಲ್ಲಿ 160 ಅಕ್ಷರಗಳ ಮಿತಿ ಯುನಿಕೋಡ್‌ಗೆ ಬಂದಾಗ 70ಕ್ಕೆ ಇಳಿಯುವುದೂ ಇಂಥದ್ದೇ ಕಾರಣದಿಂದ.

ಇದಕ್ಕಿಂತ ಗೂಢವಾದದ್ದು ಏತ್ವ. ‘ದ್ದೇ’ಯಲ್ಲಿರುವ ದೀರ್ಘ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ 3271 ಎಂಬ ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಎತ್ವ 3270 ಮತ್ತು ದೀರ್ಘಚಿಹ್ನೆ 3285 ಎಂದು ಎರಡಾಗಿ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ತೆರ. ಮೊದಲ ರೂಪದಲ್ಲಿ ಮುದ್ದೇಬಿಹಾಳ 33 ಬೈಟ್, ಎರಡನೆಯದರಲ್ಲಿ 36. ಬಾಗೇವಾಡಿಯ ‘ಗೇ’ಗೂ ಇದೇ ಕಥೆ, ಇಂಡಿ, ಸಿಂದಗಿಗಳಿಗೆ ಈ ತೊಂದರೆಯಿಲ್ಲ. ಎರಡೂ ರೂಪಗಳಿಗೆ ಯುಟಿಎಫ್-8 ಎಂಬ ಒಂದೇ ಬಗೆ ಹೊಂದುವುದರಿಂದ ಬಗೆಯ ನಿಯಂತ್ರಣ ಇಲ್ಲಿ ಸಾಲದು. ಎನ್‌ಎಫ್‌ಸಿ ಎಂಬ ಏಕರೂಪೀಕರಣವನ್ನು ಬರೆಯುವ ಮೊದಲೇ ಮಾಡಿದರೆ ಎರಡನೆಯ ರೂಪ ಮೊದಲನೆಯದಕ್ಕೆ ತಿರುಗುತ್ತದೆ. ಜೆಸಾನ್‌ಗೆ ಏಕರೂಪ ಕೊಡಲು 2020ರಲ್ಲಿ ಬಂದ ಆರ್‌ಎಫ್‌ಸಿ 8785 ಈ ಕೆಲಸವನ್ನು ಉದ್ದೇಶಪೂರ್ವಕವಾಗಿಯೇ ಮಾಡುವುದಿಲ್ಲ. ಅದು ಬರೆಯುವವರ ಹೊಣೆ.

ಬಸವನ ಬಾಗೇವಾಡಿಯನ್ನು ಕೂಡಿಸಿ ಬರೆಯುವವರಿದ್ದಾರೆ, ಬಿಡಿಸಿ ಬರೆಯುವವರಿದ್ದಾರೆ, ‘ಬಾಗೆವಾಡಿ’ ಎಂದು ಹ್ರಸ್ವದಲ್ಲಿ ಬರೆಯುವವರೂ ಇದ್ದಾರೆ. ಬಿಜಾಪುರ 2014ರ ನವೆಂಬರ್ 1ರಿಂದ ವಿಜಯಪುರವಾಯಿತು. ದೇವನಹಳ್ಳಿ ತಾಲ್ಲೂಕಿನಲ್ಲಿ ಇನ್ನೊಂದು ವಿಜಯಪುರ ಮೊದಲಿಂದಲೂ ಇದೆ. ಮುಂದೆ ಇಂಡಿಯಿಂದ ಚಡಚಣ, ಮುದ್ದೇಬಿಹಾಳದಿಂದ ತಾಳಿಕೋಟೆ ಪ್ರತ್ಯೇಕ ತಾಲ್ಲೂಕುಗಳಾದವು. ಆದ್ದರಿಂದ ಊರನ್ನು ಗುರುತಿಸುವ ಕೆಲಸವನ್ನು ಹೆಸರಿಗೆ ಒಪ್ಪಿಸದೆ, ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರ ಡೈರೆಕ್ಟರಿಯ ಕೋಡ್‌ಗೆ ಒಪ್ಪಿಸಿ, ಹೆಸರನ್ನು ಓದುವವರಿಗಾಗಿ ಪಠ್ಯವಾಗಿ ಜೊತೆಗಿಡುವುದು ಉತ್ತಮ.

ಹಳೆಯ ಕಡತಗಳು

ಯುನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡಕ್ಕೆ ಎರಡು ದಾರಿಗಳಿದ್ದವು. ಭಾರತೀಯ ಮಾನಕ ಸಂಸ್ಥೆಯ 1991ರ ಇಸ್ಕಿ ಪದ್ಧತಿಯಲ್ಲಿ ಇಂಡಿ ನಾಲ್ಕೇ ಬೈಟ್. ಆದರೆ ಅದರಲ್ಲಿ ಸೇರಿದ್ದ ಭಾರತೀಯ ಲಿಪಿಗಳಿಗೆಲ್ಲ ಅವೇ ಸಂಕೇತಗಳು. ಭೀಮೆಯ ಆಚೆ ಸೊಲ್ಲಾಪುರದಲ್ಲಿ ಅದೇ ಬೈಟ್‌ಗಳನ್ನು ದೇವನಾಗರಿಯಲ್ಲಿ ಓದಬಹುದಿತ್ತು. ಯಾವ ಲಿಪಿ ಎಂಬುದನ್ನು ಬೇರೆ ಗುರುತಿನಿಂದ ತಿಳಿಯಬೇಕಿತ್ತು.

ಇನ್ನೊಂದು ದಾರಿ ಅಕ್ಷರವಿನ್ಯಾಸದ ಸಂಕೇತಗಳದು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಗಿತ್ತು. ಅದರಲ್ಲಿ ಇಂಡಿ ಎಂದು ಬರೆದರೆ ಕಡತದಲ್ಲಿ ಉಳಿಯುವುದು ಇಂಗ್ಲಿಷಿನ ದೊಡ್ಡ ‘ಇ’, ದೊಡ್ಡ ‘ಎ’, ಸಣ್ಣ ‘ಆರ್’. 69, 65, 114 ಎಂಬ ಮೂರು ಬೈಟ್. ಇವನ್ನು ಗೋ ಲೈಬ್ರರಿಗೆ ಬಗೆ ಹೇಳದೆ ಕೊಟ್ಟರೆ ಮೂರೂ ಪ್ರಿಂಟಬಲ್ ಗುಂಪಿನವೇ ಆದ್ದರಿಂದ 19, 3, 69 65 114 ಎಂದು ನಿರ್ದೋಷವಾಗಿ ಬರೆಯುತ್ತದೆ. ಯುಟಿಎಫ್-8 ಎಂದು ಟ್ಯಾಗ್ ಹಾಕಿದರೂ ಒಪ್ಪುತ್ತದೆ, ಏಕೆಂದರೆ ಆಸ್ಕಿಯೆಲ್ಲವೂ ಯುಟಿಎಫ್-8 ಹೌದು. ನುಡಿ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಇಂಡಿ ಆಗಿ ಕಾಣುವುದೇ ಇಲ್ಲ, ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಲ್ಲಿ ತನ್ನ ಸ್ಥಾನಕ್ಕೆ ಬರುವುದಿಲ್ಲ. ಸ್ಟ್ರಿಂಗ್ ಬಗೆ ಬೈಟ್‌ಗಳ ಆಕಾರಕ್ಕಷ್ಟೇ ಜಾಮೀನು ನಿಲ್ಲುತ್ತದೆ, ಅರ್ಥಕ್ಕಲ್ಲ. ಇಂಥ ಕಡತಗಳಿಗೆ ನುಡಿಯಿಂದ ಯುನಿಕೋಡ್‌ಗೆ ಪರಿವರ್ತನೆ ಮೊದಲು, ಎನ್‌ಎಫ್‌ಸಿ ಆಮೇಲೆ, ಬಗೆ ನಿಗದಿಮಾಡಿದ ಸಂಕೇತೀಕರಣ ಅದರ ನಂತರ, ಸಹಿ ಎಲ್ಲಕ್ಕೂ ಕೊನೆಗೆ. ಈ ಕ್ರಮ ತಪ್ಪಿಸಿ ಸಹಿ ಹಾಕಿದ ದಾಖಲೆಯಲ್ಲಿ ಹೆಸರನ್ನು ತಿದ್ದಲು ಬರುವುದಿಲ್ಲ. ಹಳೆಯದನ್ನು ರದ್ದುಮಾಡಿ ಹೊಸ ದಾಖಲೆಯನ್ನೇ ಹೊರಡಿಸಬೇಕಾಗುತ್ತದೆ.